ತಾತನ ಬೆರಳಿಗೆ ಒಂದು ಎಚ್‌ಟಿ-2: ಮರದಲ್ಲಿ ಮಾಡಬೇಕು, ದಾರಿ ಹೇಳಿ

ಮೊಮ್ಮಗಳು_ಮೈಸೂರು · ಜನವರಿ 12

ಎಲ್ಲರಿಗೂ ನಮಸ್ಕಾರ. ಇಲ್ಲಿ ಮರಗೆಲಸ ಬಲ್ಲವರು ತುಂಬಾ ಜನ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ.

ನಮ್ಮ ತಾತನಿಗೆ ಮಾರ್ಚ್ 8ಕ್ಕೆ 90 ತುಂಬುತ್ತದೆ. 1955ರಲ್ಲಿ, ಹತ್ತೊಂಬತ್ತನೇ ವಯಸ್ಸಿಗೆ, ಬೆಂಗಳೂರಿನ ಏರೋಪ್ಲೇನ್ ಫ್ಯಾಕ್ಟರಿಗೆ ಸೇರಿದವರು. ಮೊದಲು ಹಾಕಿದ್ದೇ ಎಚ್‌ಟಿ-2 ವಿಮಾನದ ರೆಕ್ಕೆ ಕೆಲಸಕ್ಕೆ. ರಿವೆಟ್, ಅಂದರೆ ಲೋಹದ ಹಾಳೆ ಜೋಡಿಸುವ ಮೊಳೆ, ಹೊಡೆಯಲು ಇಬ್ಬರು ಬೇಕಂತೆ. ಒಬ್ಬರು ಹೊರಗಿನಿಂದ ಗನ್ ಹಿಡಿಯಬೇಕು, ಇನ್ನೊಬ್ಬರು ಒಳಗಿನಿಂದ ಡಾಲಿ ಅನ್ನುವ ಕಬ್ಬಿಣದ ಗಟ್ಟಿ ಒತ್ತಿ ಹಿಡಿಯಬೇಕು. ತಾತ ಡಾಲಿ ಹಿಡಿಯುವವರು. ಕೈ ಸಣ್ಣಗಿತ್ತು, ರೆಕ್ಕೆಯ ಒಳಗೆ ಸಲೀಸಾಗಿ ಹೋಗುತ್ತಿತ್ತು, ಅದಕ್ಕೇ ಆ ಕೆಲಸ ಕೊಟ್ಟರು ಅಂತ ಈಗಲೂ ಹೇಳುತ್ತಾರೆ.

ಈಗ ಗ್ಲಾಕೋಮಾದಿಂದ ಎರಡೂ ಕಣ್ಣು ಬಹುಪಾಲು ಹೋಗಿವೆ. ಬೆಳಕು, ನೆರಳು ಗೊತ್ತಾಗುತ್ತದೆ, ಅಷ್ಟೇ. ಫೋಟೋ ಫ್ರೇಮ್ ಮಾಡಿಸಿ ಕೊಟ್ಟರೆ ಏನು ಪ್ರಯೋಜನ? ಅವರು ಕೈಯಲ್ಲಿ ಮುಟ್ಟಿ ನೋಡಬೇಕು, ಯಾರೂ ಹೇಳದೆ ಇದು ಎಚ್‌ಟಿ-2 ಅಂತ ಅವರೇ ಗುರುತು ಹಿಡಿಯಬೇಕು. ನನ್ನ ಆಸೆ ಅದೊಂದೇ.

ನನ್ನ ಅನುಭವ ಕಡಿಮೆ. ಒಂದು ಪುಸ್ತಕದ ಶೆಲ್ಫ್, ಎರಡು ಮಣೆ ಮಾಡಿದ್ದೇನೆ. ಗರಗಸ, ಎರಡು ಉಳಿ, ಡ್ರಿಲ್ ಇದೆ. ಯಾವ ಮರ? ಎಷ್ಟು ದೊಡ್ಡದು? ಬಣ್ಣ ಬೇಕಾ?

ಬಾಲ್ಸಾ_ಹುಡುಗ · ಜನವರಿ 12

ಅಕ್ಕ, ನಾನು ಎನ್‌ಸಿಸಿ ಏರ್ ವಿಂಗ್‌ನಲ್ಲಿ ಏರೋಮಾಡೆಲಿಂಗ್ ಮಾಡಿದ್ದೇನೆ. ಬಾಲ್ಸಾ ಮರ ತಗೊಳ್ಳಿ. ಬ್ಲೇಡಿನಲ್ಲೇ ಕತ್ತರಿಸಬಹುದು. ಹೊಸಬರಿಗೆ ಅದಕ್ಕಿಂತ ಸುಲಭದ್ದು ಇಲ್ಲ. ಒಂದು ವಾರದಲ್ಲಿ ಮುಗಿಯುತ್ತದೆ.

ಉಳಿ_ಬಾಚಿ_ಸಾಗರ · ಜನವರಿ 13

ತಮ್ಮಾ, ಹಾರುವ ಮಾಡೆಲ್‌ಗೆ ನೀನು ಹೇಳಿದ್ದು ಸರಿ. ಆದರೆ ಇದು ಹಾರುವುದಲ್ಲ, ದಿನಾ ಕೈಯಲ್ಲಿ ಹಿಡಿಯುವುದು. ಬಾಲ್ಸಾ ಮೇಲೆ ಉಗುರು ಒತ್ತಿದರೂ ಗುಳಿ ಬೀಳುತ್ತದೆ. ಒಂದು ತಿಂಗಳಲ್ಲಿ ರೆಕ್ಕೆಯ ಅಂಚೆಲ್ಲ ನಜ್ಜುಗುಜ್ಜಾಗುತ್ತದೆ.

ತಂಗಿ, ತೇಗವೂ ಬೇಡ. ಚಂದದ ಮರ, ಆದರೆ ಎಳೆ ದಪ್ಪ. ಬೆರಳಿಗೆ ವಿಮಾನದ ಆಕಾರಕ್ಕಿಂತ ಮೊದಲು ಮರದ ಗೆರೆ ಸಿಗುತ್ತದೆ. ತೆಳ್ಳಗಿನ ಅಂಚಿನಲ್ಲಿ ಚಕ್ಕೆ ಏಳುತ್ತದೆ, ವಯಸ್ಸಾದವರ ಚರ್ಮಕ್ಕೆ ಸಿಬಿರು ಚುಚ್ಚಿದರೆ ಕಷ್ಟ. ನನ್ನ ಕೇಳಿದರೆ ಎರಡೇ ಮರ: ಶಿವನೆ ಅಥವಾ ಹಾಲೆ. ಶಿವನೆ ಹಗುರ, ಒಣಗಿದ ಮೇಲೆ ಸೊಟ್ಟ ಆಗುವುದು ಕಡಿಮೆ, ಉಳಿಗೆ ಬೆಣ್ಣೆ ಹಾಗೆ ಬರುತ್ತದೆ. ಹಾಲೆ ಇನ್ನೂ ನುಣುಪು, ಎಳೆಯೇ ಗೊತ್ತಾಗುವುದಿಲ್ಲ. ಚನ್ನಪಟ್ಟಣದ ಗೊಂಬೆಗೆ ಬಳಸುವುದು ಅದೇ.

ಯಾವುದೇ ಆಗಲಿ, ಚೆನ್ನಾಗಿ ಒಣಗಿರಬೇಕು. ಹಸಿ ಮರದಲ್ಲಿ ಮಾಡಿದ ರೆಕ್ಕೆ ಬೇಸಿಗೆ ಬಂದ ಕೂಡಲೇ ತಿರುಚಿಕೊಳ್ಳುತ್ತದೆ.

ಬೆರಳ_ಓದು · ಜನವರಿ 13

ನಾನು ದೃಷ್ಟಿ ಇಲ್ಲದ ಮಕ್ಕಳಿಗೆ ಪಾಠ ಮಾಡುತ್ತೇನೆ. ಮುಟ್ಟಿ ನೋಡುವ ಮಾದರಿಗಳನ್ನು ಬಹಳ ವರ್ಷದಿಂದ ಮಾಡಿಸಿದ್ದೇನೆ. ಕೆಲವು ಮಾತು ಹೇಳಲೇಬೇಕು.

ಮೊದಲನೆಯದು ಗಾತ್ರ. ಮುಟ್ಟಿ ನೋಡುವವರು ಒಂದು ಕೈಯಲ್ಲಿ ವಸ್ತುವನ್ನು ನಿಲ್ಲಿಸಿಕೊಂಡು ಇನ್ನೊಂದರಲ್ಲಿ ಹುಡುಕುತ್ತಾರೆ. ಎರಡು ಅಂಗೈ ಚಾಚಿದರೆ ಪೂರ್ತಿ ಸಿಗುವಷ್ಟಿದ್ದರೆ ಆಕಾರ ಒಟ್ಟಿಗೆ ಮನಸ್ಸಿಗೆ ಬರುತ್ತದೆ. ಅದಕ್ಕಿಂತ ದೊಡ್ಡದಾದರೆ ತುಂಡು ತುಂಡಾಗಿ ಸಿಗುತ್ತದೆ. ತೀರಾ ಚಿಕ್ಕದಾದರೆ ಎಲ್ಲ ಒಂದೇ ಉಂಡೆ.

ಇನ್ನೊಂದು, ಬಣ್ಣದ ದಪ್ಪ ಪದರ ಬೇಡ. ವಾರ್ನಿಶ್ ಹಾಕಿದರೆ ಎಲ್ಲವೂ ಒಂದೇ ಥರ ಜಾರುತ್ತದೆ. ಗಾಜಿನ ಭಾಗ ಮಾತ್ರ ನುಣ್ಣಗೆ ಹೊಳಪು ಇರಲಿ, ಉಳಿದದ್ದು ಸ್ವಲ್ಪ ಮಂಕಾಗಿರಲಿ. ಬೆರಳಿಗೆ ಆ ವ್ಯತ್ಯಾಸವೇ ಬಣ್ಣ. ಕಣ್ಣಿಗೆ ಚಂದ ಕಾಣಲಿ ಅಂತ ಸೇರಿಸಿದ ಯಾವುದೂ ಅವರಿಗೆ ಉಪಯೋಗ ಇಲ್ಲ ಅನ್ನುವುದನ್ನು ನೆನಪಿಡಿ. ಏನೇ ಅನುಮಾನ ಬಂದರೂ ಕಣ್ಣು ಮುಚ್ಚಿ ಮುಟ್ಟಿ ನೋಡಿ ತೀರ್ಮಾನ ಮಾಡಿ.

ಹಳೇ_ವಿಮಾನಪುರ · ಜನವರಿ 14

ಮಗಳೇ, ನಿನ್ನ ಮಾತು ಎರಡು ಸಲ ಓದಿದೆ. ನಾನು ಅದೇ ಫ್ಯಾಕ್ಟರಿಯಲ್ಲಿ ಇದ್ದವನು, ಆದರೆ ನಿಮ್ಮ ತಾತನಿಗಿಂತ ತುಂಬಾ ಚಿಕ್ಕವನು. ನಾನು ಸೇರುವ ಹೊತ್ತಿಗೆ ಕಿರಣ್ ವಿಮಾನ ಕಟ್ಟುತ್ತಿದ್ದರು. ಎಚ್‌ಟಿ-2 ಕಟ್ಟಿದವರನ್ನು ನಾವು ಗುರುಗಳ ಹಾಗೆ ನೋಡುತ್ತಿದ್ದೆವು.

ಅಳತೆ ಬರೆದುಕೋ. ರೆಕ್ಕೆಯ ತುದಿಯಿಂದ ತುದಿಗೆ 10.72 ಮೀಟರ್. ಮೂಗಿನಿಂದ ಬಾಲಕ್ಕೆ 7.53 ಮೀಟರ್. 1:36ಕ್ಕೆ ಇಳಿಸಿದರೆ ರೆಕ್ಕೆ 29.8 ಸೆಂ.ಮೀ., ಉದ್ದ 20.9 ಸೆಂ.ಮೀ. ಮೇಡಂ ಹೇಳಿದ ಎರಡು ಅಂಗೈ ಲೆಕ್ಕಕ್ಕೆ ಸರಿಯಾಗುತ್ತದೆ ಅಲ್ವಾ?

ಇನ್ನು ಗುರುತುಗಳು. ರೆಕ್ಕೆ ಹೊಟ್ಟೆಯ ಕೆಳಗಡೆ ಇದೆ. ಕಲಿಯುವವನು, ಕಲಿಸುವವನು ಒಬ್ಬರ ಹಿಂದೆ ಒಬ್ಬರು ಕೂರುತ್ತಾರೆ, ಹಾಗಾಗಿ ಗಾಜಿನ ಮುಚ್ಚಳ ಉದ್ದ. ಮುಂದಿನ ಎರಡು ಚಕ್ರ ಒಳಗೆ ಮಡಚುವುದಿಲ್ಲ. ಬಾಲದ ಕೆಳಗೆ ಒಂದು ಪುಟ್ಟ ಚಕ್ರ. ಆದ್ದರಿಂದ ನೆಲದ ಮೇಲೆ ಇಟ್ಟರೆ ಮೂಗು ಎತ್ತಿಕೊಂಡು ನಿಲ್ಲುತ್ತದೆ. ಎಂಜಿನ್ 155 ಕುದುರೆಶಕ್ತಿಯ ಸಿರಸ್ ಮೇಜರ್. ಅದರ ನಾಲ್ಕು ಸಿಲಿಂಡರ್ ಒಂದೇ ಸಾಲಿನಲ್ಲಿ ತಲೆಕೆಳಗಾಗಿ ಕೂತಿವೆ. ಅದಕ್ಕೇ ಮೂಗು ಗುಂಡಗಿಲ್ಲ, ಅಗಲ ಕಡಿಮೆ, ಎತ್ತರ ಜಾಸ್ತಿ. ಇದನ್ನು ಮಾತ್ರ ಕೆಡಿಸಬೇಡ. ಮೂಗು ಗುಂಡಗೆ ಮಾಡಿದರೆ ತಾತ ಬೇರೆ ಯಾವುದೋ ವಿಮಾನ ಅಂದುಕೊಳ್ಳುತ್ತಾರೆ.

ಬೆಂಗಳೂರಿಗೆ ಬಂದರೆ ಎಚ್‌ಎಎಲ್ ಮ್ಯೂಸಿಯಂಗೆ ಹೋಗು. ನಿಜವಾದ ಎಚ್‌ಟಿ-2 ಅಲ್ಲಿದೆ. ಎದುರಿನಿಂದ, ಪಕ್ಕದಿಂದ, ಹಿಂದಿನಿಂದ ಫೋಟೋ ತಗೋ.

ಇನ್ನೊಂದು ಮಾತು. ನಮ್ಮಲ್ಲೇ ವಿನ್ಯಾಸ ಮಾಡಿ ನಮ್ಮಲ್ಲೇ ಕಟ್ಟಿದ ವಿಮಾನ ಇದು. ಡಾ. ವಿ.ಎಂ. ಘಾಟ್ಗೆ ಅವರ ವಿನ್ಯಾಸ. 1951ರ ಆಗಸ್ಟ್ 5ರಂದು ಕ್ಯಾಪ್ಟನ್ ಮುನ್ಷಿ ಮೊದಲ ಸಲ ಹಾರಿಸಿದರು. ಸ್ವಾತಂತ್ರ್ಯ ಬಂದು ನಾಲ್ಕೇ ವರ್ಷ ಆಗಿತ್ತು. ನಿಮ್ಮ ತಾತ ಅಂಥ ಕೆಲಸದಲ್ಲಿ ಕೈ ಇಟ್ಟವರು.

ಬೀದರ್_ಕೋಟೆ · ಜನವರಿ 14

ಎಚ್‌ಟಿ-2 ಅಂದ ಕೂಡಲೇ ನಿಂತು ಓದಿದೆ. ನಮ್ಮ ಬೀದರಿನಲ್ಲಿ ವಾಯುಪಡೆಯ ಹುಡುಗರು ಹಾರಾಟ ಕಲಿಯುತ್ತಿದ್ದದ್ದು ಇದರಲ್ಲೇ. ನಾವು ಚಿಕ್ಕವರಿದ್ದಾಗ ಬೆಳಗ್ಗೆ ಎದ್ದರೆ ಆಕಾಶದಲ್ಲಿ ಅದರದ್ದೇ ಸದ್ದು. ನಿಮ್ಮ ತಾತನಿಗೆ ನಮ್ಮೂರಿನಿಂದ ಒಂದು ನಮಸ್ಕಾರ ತಿಳಿಸಿ.

ಪಟ್ಟಡಿ_ಚನ್ನಪಟ್ಟಣ · ಜನವರಿ 15

ಅಕ್ಕ, ಹಾಲೆ ಮರ ನಾನು ಕೊಡುತ್ತೇನೆ. ನಾವು ಆಲೆ ಮರ ಅಂತೀವಿ. ಒಣಗಿದ ತುಂಡು ನಮ್ಮಲ್ಲಿ ಯಾವಾಗಲೂ ಇರುತ್ತದೆ. ಮೂರು ಚಕ್ರ ಲೇತ್‌ನಲ್ಲಿ ನಾನೇ ತಿರುಗಿಸಿ ಕೊಡುತ್ತೇನೆ, ದುಡ್ಡು ಬೇಡ.

ಪೂರ್ತಿ ವಿಮಾನಕ್ಕೆ ನಮ್ಮ ಅರಗಿನ ಬಣ್ಣ ಹಾಕಬಹುದಾ ಅಂತ ಯಾರಾದರೂ ಕೇಳಬಹುದು. ಆಗುವುದಿಲ್ಲ. ಮರ ಲೇತ್‌ನಲ್ಲಿ ತಿರುಗುವಾಗ ಅರಗಿನ ಕಡ್ಡಿ ಒತ್ತಿದರೆ, ಉಜ್ಜಿದ ಬಿಸಿಗೆ ಕರಗಿ ಹಿಡಿಯುತ್ತದೆ. ತಿರುಗುವ ದುಂಡು ವಸ್ತುವಿಗೆ ಮಾತ್ರ ಅದು. ಚಪ್ಪಟೆ ರೆಕ್ಕೆಗೆ ಬರಲ್ಲ. ಚಕ್ರಕ್ಕೆ ಬೇಕಾದರೆ ಹಾಕುತ್ತೇನೆ. ಟೈರಿನ ಜಾಗ ನುಣ್ಣಗೆ, ನಡುವೆ ಬರೀ ಮರ.

ಮೊಮ್ಮಗಳು_ಮೈಸೂರು · ಜನವರಿ 19

ನಿಮಗೆಲ್ಲ ಹೇಗೆ ಥ್ಯಾಂಕ್ಸ್ ಹೇಳಲಿ! ಶನಿವಾರ ಮ್ಯೂಸಿಯಂಗೆ ಹೋಗಿದ್ದೆ. ಬರುವಾಗ ಚನ್ನಪಟ್ಟಣದಲ್ಲಿ ಇಳಿದು ಮರ ತಂದೆ. ಈಗ ನನ್ನ ಮುಂದೆ ಒಂದು ಬಿಳಿ ದಿಮ್ಮಿ ಇದೆ, ಎಲ್ಲಿಂದ ಶುರು ಮಾಡಲಿ ಅಂತ ಗೊತ್ತಾಗುತ್ತಿಲ್ಲ.

ಉಳಿ_ಬಾಚಿ_ಸಾಗರ · ಜನವರಿ 19

ನಿಧಾನವಾಗಿ ಓದು, ತಂಗಿ.

ಮೈ ಭಾಗಕ್ಕೆ 22 ಸೆಂ.ಮೀ. ಉದ್ದದ ಚೌಕ ತುಂಡು ತಗೋ. ನಾಲ್ಕೂ ಮುಖ ಕೀಸಿ ಮೂಲೆಮಟ್ಟಕ್ಕೆ ಸರಿ ಮಾಡು. ಎಲ್ಲ ಮುಖದ ಮೇಲೂ ನಡುಗೆರೆ ಎಳೆ. ಆ ಗೆರೆ ಕೊನೆವರೆಗೂ ಅಳಿಸಬಾರದು, ಅಳಿಸಿದರೆ ತಕ್ಷಣ ಮತ್ತೆ ಎಳೆ. ಪಕ್ಕದ ನೋಟದ ಚಿತ್ರವನ್ನು ಪಕ್ಕದ ಮುಖಕ್ಕೆ, ಮೇಲಿನ ನೋಟದ್ದನ್ನು ಮೇಲಿನ ಮುಖಕ್ಕೆ ಅಂಟಿಸು. ಮೊದಲು ಪಕ್ಕದ ನೋಟದ ಗೆರೆ ಹಿಡಿದು ಕೊಯ್ಯಿ. ಕೊಯ್ದ ತುಂಡುಗಳನ್ನು ಬಿಸಾಡಬೇಡ. ಟೇಪ್ ಹಾಕಿ ವಾಪಸ್ ಅದೇ ಜಾಗಕ್ಕೆ ಕೂರಿಸು, ದಿಮ್ಮಿ ಮತ್ತೆ ಚೌಕ ಆಗುತ್ತದೆ. ಈಗ ಮೇಲಿನ ನೋಟ ಕೊಯ್ಯಿ. ಟೇಪ್ ಬಿಚ್ಚಿದರೆ ಒಳಗಿನಿಂದ ವಿಮಾನದ ಮೈ ಬರುತ್ತದೆ. ನಾನು ಇಷ್ಟು ವರ್ಷದಿಂದ ಮಾಡುತ್ತಿದ್ದರೂ ಆ ಗಳಿಗೆ ನನಗೆ ಈಗಲೂ ಖುಷಿ.

ಅಂಚು ಗುಂಡಗೆ ಮಾಡುವ ಮೊದಲೇ ಹೊಟ್ಟೆಯ ಕೆಳಗೆ ರೆಕ್ಕೆ ಕೂರುವ ತೋಡು ತೆಗೆ. ಮುಖ ಚಪ್ಪಟೆ ಇರುವಾಗ ಅಳತೆ ಸುಲಭ. ಗುಂಡಗಾದ ಮೇಲೆ ನೇರ ಗೆರೆ ಎಳೆಯಲು ಜಾಗವೇ ಇರುವುದಿಲ್ಲ.

ರೆಕ್ಕೆಗೆ 8 ಮಿ.ಮೀ. ಹಲಗೆ. ಮರದ ಎಳೆ ರೆಕ್ಕೆಯ ಉದ್ದಕ್ಕೇ ಹೋಗಬೇಕು. ಅಡ್ಡ ಹೋದರೆ ಮೊದಲ ಸಲ ಬಿದ್ದಾಗಲೇ ಮುರಿಯುತ್ತದೆ. ಎಡ, ಬಲ ಬೇರೆ ಬೇರೆ ಮಾಡಿ ನಡುವೆ ಬಿದಿರಿನ ಕಡ್ಡಿ ಹಾಕಿ ಅಂಟಿಸು, ತುದಿಗಳು ಸ್ವಲ್ಪ ಮೇಲಕ್ಕೆ ಏರಿರಲಿ. ಮೇಲ್ಮೈ ಮುಂದಿನ ಅಂಚಿನಿಂದ ಮೂರನೇ ಒಂದು ಭಾಗದಲ್ಲಿ ದಪ್ಪ, ಅಲ್ಲಿಂದ ಹಿಂದಕ್ಕೆ ಇಳಿಜಾರು. ಹಿಂದಿನ ಅಂಚು ಒಂದೂವರೆ ಮಿ.ಮೀ.ಗಿಂತ ತೆಳ್ಳಗೆ ಮಾಡಬೇಡ. ನಿಜ ಅಳತೆಗೆ ಅದು ದಪ್ಪವೇ, ಆದರೆ ಕೈಯಲ್ಲಿ ಉಳಿಯಬೇಕಲ್ಲ.

ಮೊಮ್ಮಗಳು_ಮೈಸೂರು · ಫೆಬ್ರವರಿ 2

ಮೈ ಬಂತು! ಟೇಪ್ ಬಿಚ್ಚಿದಾಗ ಅಮ್ಮನನ್ನು ಕೂಗಿ ಕರೆದು ತೋರಿಸಿದೆ.

ಆದರೆ ಎರಡು ತೊಂದರೆ ಆಗಿದೆ. ನಕ್ಷೆಯನ್ನು ಎರಡು ದಿನ ಎರಡು ಅಂಗಡಿಯಲ್ಲಿ ಪ್ರಿಂಟ್ ತೆಗೆಸಿದ್ದೆ. ಒಂದು ಕಡೆ ಪುಟಕ್ಕೆ ಹೊಂದುವ ಹಾಗೆ ಚಿಕ್ಕದು ಮಾಡಿಬಿಟ್ಟಿದ್ದಾರೆ. ರೆಕ್ಕೆ 28 ಸೆಂ.ಮೀ. ಕೂಡ ಇಲ್ಲ, ಮೈ ಮಾತ್ರ ಸರಿಯಾದ ಅಳತೆ. ಎರಡನೆಯದು ಇನ್ನೂ ಬೇಜಾರು. ಎರಡು ರೆಕ್ಕೆ ಕೆತ್ತಿ ಮುಗಿಸಿ ಪಕ್ಕ ಪಕ್ಕ ಇಟ್ಟರೆ ಎರಡೂ ಎಡಗಡೆಯದೇ. ಆರು ಸಂಜೆಯ ಕೆಲಸ.

ಉಳಿ_ಬಾಚಿ_ಸಾಗರ · ಫೆಬ್ರವರಿ 2

ಹೇಗಿದ್ದರೂ ಆ ರೆಕ್ಕೆ ಚಿಕ್ಕದು, ಬಿಡು. ಹೊಸದು ಮಾಡುವಾಗ ನಕ್ಷೆಯಲ್ಲೇ 10 ಸೆಂ.ಮೀ.ನ ಒಂದು ಗೆರೆ ಹಾಕಿಸು. ಪ್ರಿಂಟ್ ಬಂದ ಕೂಡಲೇ ಸ್ಕೇಲ್ ಇಟ್ಟು ಆ ಗೆರೆ ಅಳೆ. ಹಲಗೆ ಮೇಲೆ ಎರಡು ರೆಕ್ಕೆಯನ್ನೂ ಬುಡಕ್ಕೆ ಬುಡ ತಾಗಿಸಿ ಒಟ್ಟಿಗೆ ಬರೆ, ಎರಡರ ಮೇಲೂ ‘ಮೇಲೆ’, ‘ಮುಂದೆ’ ಅಂತ ಪೆನ್ಸಿಲ್‌ನಲ್ಲಿ ಬರೆದುಕೋ. ಆಮೇಲೆ ಕೊಯ್ಯಿ. ದಪ್ಪ ರಟ್ಟಿನಲ್ಲಿ ರೆಕ್ಕೆಯ ಅಡ್ಡ ಆಕಾರ ಕತ್ತರಿಸಿಟ್ಟುಕೊಂಡರೆ ಎಡ ಬಲ ಒಂದೇ ಥರ ಬರುತ್ತದೆ.

ಅಂಟಿಸಿದ ಮೇಲೆ ಬಾಲದ ತುದಿಗೆ ಒಂದು ದಾರ ಹಿಡಿದು ಎರಡು ರೆಕ್ಕೆಯ ತುದಿಗೂ ಅಳೆ. ಎರಡೂ ಸಮ ಇರಬೇಕು. ಫೆವಿಕಾಲ್ ಒಣಗುವ ಮೊದಲೇ ನೋಡಬೇಕು, ನೆನಪಿರಲಿ.

ಮೊಮ್ಮಗಳು_ಮೈಸೂರು · ಫೆಬ್ರವರಿ 11

ಹೊಸ ರೆಕ್ಕೆ ಕೂತಿತು. ದಾರದ ಅಳತೆ ಎರಡೂ ಕಡೆ ಸಮ. ಈಗ ಮುಖ್ಯ ಪ್ರಶ್ನೆ: ರಿವೆಟ್. ತಾತನ ಕೆಲಸವೇ ಅದು. ರೆಕ್ಕೆ ತುಂಬಾ ಚುಕ್ಕಿ ಹಾಕಲಾ?

ಹಳೇ_ವಿಮಾನಪುರ · ಫೆಬ್ರವರಿ 11

ಬೇಡ ಮಗಳೇ. 3 ಮಿ.ಮೀ. ರಿವೆಟ್ ತಲೆಯನ್ನು 36ರಿಂದ ಭಾಗಿಸು. 0.08 ಮಿ.ಮೀ. ಬರುತ್ತದೆ. ಅದು ಯಾವ ಬೆರಳಿಗೂ ಸಿಗುವುದಿಲ್ಲ. ಸಿಗುವಷ್ಟು ದೊಡ್ಡದು ಮಾಡಿದರೆ ವಿಮಾನಕ್ಕೆ ಸಿಡುಬು ಎದ್ದ ಹಾಗೆ ಆಗುತ್ತದೆ. ಕೆಲಸ ಗೊತ್ತಿರುವವರಿಗೆ ಅದು ಹಿಂಸೆ.

ಬೆರಳ_ಓದು · ಫೆಬ್ರವರಿ 12

ಸರ್, ಅಳತೆಯ ಮಾತು ಒಪ್ಪುತ್ತೇನೆ. ಆದರೆ ರಿವೆಟ್ ಪೂರ್ತಿ ಬಿಟ್ಟರೆ ತಾತನ ಬೆರಳು ಹುಡುಕುವುದು ಸಿಗದೇ ಹೋಗುತ್ತದೆ. ರೆಕ್ಕೆಯ ಮೇಲೆ ಒಂದೇ ಒಂದು ಸಾಲು ಇರಲಿ. ಚುಕ್ಕಿ ಗುಳಿಯಾಗಿ ಬೇಡ, ಉಬ್ಬಿರಲಿ. ಬ್ರೈಲ್ ಉಬ್ಬಿರುವುದು ಸುಮ್ನೆ ಅಲ್ಲ. ಉಬ್ಬು ಬೆರಳಿಗೆ ಬೇಗ ಸಿಗುತ್ತದೆ.

ಹಳೇ_ವಿಮಾನಪುರ · ಫೆಬ್ರವರಿ 12

ಒಂದೇ ಸಾಲು ಅಂದರೆ ನನ್ನ ಅಭ್ಯಂತರ ಇಲ್ಲ. ಮೇಡಂ ಮಾತು ಸರಿ. ರೆಕ್ಕೆಯ ಒಳಗೆ ಉದ್ದಕ್ಕೆ ಹೋಗುವ ಮುಖ್ಯ ತೊಲೆ ಇರುತ್ತದಲ್ಲ, ಅದರ ಮೇಲೆ ಬರಲಿ. ಅಲ್ಲಿ ರಿವೆಟ್ ಇದ್ದೇ ಇರುತ್ತದೆ, ಸುಳ್ಳಾಗುವುದಿಲ್ಲ.

ಉಳಿ_ಬಾಚಿ_ಸಾಗರ · ಫೆಬ್ರವರಿ 12

ಉಬ್ಬು ಚುಕ್ಕಿಗೆ ಒಂದು ಉಪಾಯ ಇದೆ. ಮೊಂಡು ಮೊಳೆ ಇಟ್ಟು ಮರದ ಮೇಲೆ ಮೆಲ್ಲಗೆ ತಟ್ಟಿ ಗುಳಿ ಮಾಡು. ನಾರು ಕತ್ತರಿಸಬಾರದು, ಅದುಮಿಕೊಳ್ಳಬೇಕು ಅಷ್ಟೇ. ಆಮೇಲೆ ಸುತ್ತಲಿನ ಮರವನ್ನು ಗುಳಿಯ ತಳದ ಮಟ್ಟಕ್ಕೆ ಉಪ್ಪುಕಾಗದದಲ್ಲಿ ಉಜ್ಜಿ ಇಳಿಸು. ಈಗ ಎಲ್ಲ ಸಮ. ಬಿಸಿನೀರಿನ ಬಟ್ಟೆ ಇಡು. ಅದುಮಿದ ನಾರು ನೀರು ಕುಡಿದು ವಾಪಸ್ ಮೇಲೆ ಏಳುತ್ತದೆ, ಗುಳಿ ಇದ್ದ ಜಾಗದಲ್ಲೇ ಉಬ್ಬು ಬರುತ್ತದೆ. ಕಪ್ಪೆಯ ಬೆನ್ನು ಕೆತ್ತುವಾಗ ನಾನು ಹೀಗೇ ಮಾಡುತ್ತೇನೆ. ಮೊದಲು ಚೂರು ಮರದ ಮೇಲೆ ಅಭ್ಯಾಸ ಮಾಡು. ಹಾಲೆಯಂಥ ಸಣ್ಣ ಎಳೆಯ ಮರಕ್ಕೆ ಇದು ಚೆನ್ನಾಗಿ ಬರುತ್ತದೆ.

ಮೊಮ್ಮಗಳು_ಮೈಸೂರು · ಫೆಬ್ರವರಿ 16

ಬಂತು! ನಾಲ್ಕು ಚೂರು ಮರ ಹಾಳಾಯಿತು, ಐದನೆಯದರಲ್ಲಿ ಬಂತು. ಈಗ ಎರಡೂ ರೆಕ್ಕೆಯ ಮೇಲೆ ಒಂದೊಂದು ಸಾಲು ಇದೆ. ಕಣ್ಣು ಮುಚ್ಚಿ ಬೆರಳು ಎಳೆದರೆ ಟಕಟಕ ಸಿಗುತ್ತದೆ.

ಚಕ್ರಗಳು ಅಂಚೆಯಲ್ಲಿ ಬಂದವು. ಪಟ್ಟಡಿ ಅಣ್ಣ, ಎಷ್ಟು ಚಂದ ಇವೆ. ಕಾಲಿಗೆ 3 ಮಿ.ಮೀ. ಹಿತ್ತಾಳೆ ಸರಳು ಹಾಕಿದೆ. ಮೂಗಿನ ಮುಂದಿನ ಫ್ಯಾನ್ ತಿರುಗಬೇಕಾ, ಅಂಟಿಸಿಬಿಡಲಾ?

ಬಾಲ್ಸಾ_ಹುಡುಗ · ಫೆಬ್ರವರಿ 16

ಅಕ್ಕ, ತಿರುಗಲೇಬೇಕು! ಯಾರೇ ಆಗಲಿ ಮೊದಲು ಬೆರಳು ಹಾಕುವುದು ಅಲ್ಲಿಗೇ. ಎರಡು ಎಲೆಯೂ ಒಂದೇ ತುಂಡಿನಲ್ಲಿ ಬರಲಿ, ಎಳೆ ಉದ್ದಕ್ಕೆ ಇರಲಿ. ಹಿಂದೆ ಒಂದು ಪುಟ್ಟ ಮಣಿ ಹಾಕಿ ಹಿತ್ತಾಳೆ ಸ್ಕ್ರೂ ಬಿಗಿಯಿರಿ, ಮೂಗಿಗೆ ಉಜ್ಜುವುದಿಲ್ಲ. ತುದಿ ಗುಂಡಗಿರಲಿ.

ಮೊಮ್ಮಗಳು_ಮೈಸೂರು · ಫೆಬ್ರವರಿ 20

80, 120, 220 ನಂಬರಿನ ಉಪ್ಪುಕಾಗದದಲ್ಲಿ ಉಜ್ಜಿ ಮುಗಿಯಿತು. ಗಾಜಿನ ಮುಚ್ಚಳ ಬೀಟೆಯ ಚೂರಿನಲ್ಲಿ ಮಾಡಿ, ಮೈಗಿಂತ ಒಂದು ಮಿ.ಮೀ. ಎದ್ದು ನಿಲ್ಲುವ ಹಾಗೆ ಕೂರಿಸಿದೆ. ಫಿನಿಶ್ ಏನು ಮಾಡಲಿ?

ಉಳಿ_ಬಾಚಿ_ಸಾಗರ · ಫೆಬ್ರವರಿ 20

220 ಆದ ಮೇಲೆ ಒದ್ದೆ ಬಟ್ಟೆಯಲ್ಲಿ ಒಮ್ಮೆ ಒರೆಸು. ನವಿರು ನಾರು ಏಳುತ್ತದೆ. ಒಣಗಲು ಬಿಟ್ಟು 400ರಲ್ಲಿ ಹಗುರಾಗಿ ಉಜ್ಜು. ಚುಕ್ಕಿಯ ಸಾಲಿನ ಹತ್ತಿರ ಮಾತ್ರ ಹೋಗಬೇಡ. ಆಮೇಲೆ ಬೇಗ ಒಣಗುವ ಅಗಸೆ ಎಣ್ಣೆ, ತೀರಾ ತೆಳ್ಳಗೆ. ಹತ್ತು ನಿಮಿಷ ಬಿಟ್ಟು ಪೂರ್ತಿ ಒರೆಸು. ಎರಡು ದಿನದ ನಂತರ ಇನ್ನೊಮ್ಮೆ. ಕೊನೆಗೆ ಮುಚ್ಚಳಕ್ಕೆ ಮಾತ್ರ ಜೇನುಮೇಣ ಹಚ್ಚಿ ಹೊಳಪು ಬರಿಸು.

ಎಣ್ಣೆ ಒರೆಸಿದ ಬಟ್ಟೆಯನ್ನು ಮುದುಡಿ ಮೂಲೆಗೆ ಎಸೆಯಬಾರದು. ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದುಡಿದ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು. ಹೊರಗೆ ಬಿಡಿಸಿ ಒಣಗಿಸಿ ಆಮೇಲೆ ಬಿಸಾಡು. ಇದನ್ನು ಹಗುರಾಗಿ ತಗೋಬೇಡ.

ಮೊಮ್ಮಗಳು_ಮೈಸೂರು · ಮಾರ್ಚ್ 1

ಎಣ್ಣೆ ಎರಡು ಸಲ ಆಯಿತು. ಮರ ಜೇನಿನ ಬಣ್ಣಕ್ಕೆ ತಿರುಗಿದೆ. ಹೊಟ್ಟೆಯ ಕೆಳಗೆ ಚಿಕ್ಕದಾಗಿ ‘ಹಿಂದೂಸ್ತಾನ್ ಏರೋನಾಟಿಕ್ಸ್, 1955’ ಅಂತ ಕೆತ್ತೋಣ ಅಂತಿದ್ದೇನೆ.

ಹಳೇ_ವಿಮಾನಪುರ · ಮಾರ್ಚ್ 1

ತಡಿ ಮಗಳೇ! 1955ರಲ್ಲಿ ಆ ಹೆಸರೇ ಇರಲಿಲ್ಲ. ಆಗ ಅದು ಹಿಂದೂಸ್ತಾನ್ ಏರ್‌ಕ್ರಾಫ್ಟ್. ಏರೋನಾಟಿಕ್ಸ್ ಆದದ್ದು 1964ರ ಅಕ್ಟೋಬರ್‌ನಲ್ಲಿ. ನಿಮ್ಮ ತಾತ ಸೇರಿದ್ದು ಏರ್‌ಕ್ರಾಫ್ಟ್‌ಗೆ. ಅಕ್ಷರ ಉಬ್ಬಿಸದಿದ್ದರೂ ಆಳವಾಗಿ ಕೆತ್ತು, ಬೆರಳಿಗೆ ಸಿಗಲಿ.

ಮೊಮ್ಮಗಳು_ಮೈಸೂರು · ಮಾರ್ಚ್ 9

ನಿನ್ನೆ ಕೊಟ್ಟೆ.

ಮೈಸೂರಿನಿಂದ ರೈಲಿನಲ್ಲಿ ತೊಡೆ ಮೇಲೇ ಇಟ್ಟುಕೊಂಡು ಬಂದೆ. ಎಲ್ಲರೂ ಊಟ ಮುಗಿಸಿದ ಮೇಲೆ, ತಾತ ಆರಾಮ ಕುರ್ಚಿಯಲ್ಲಿ ಕೂತಾಗ, ಏನೂ ಹೇಳದೆ ತೊಡೆ ಮೇಲೆ ಇಟ್ಟೆ. ಮೊದಲು ಫ್ಯಾನ್ ಸಿಕ್ಕಿತು, ಒಂದು ಸುತ್ತು ತಿರುಗಿಸಿದರು. ಆಮೇಲೆ ಮೂಗನ್ನು ಹೆಬ್ಬೆರಳು, ತೋರುಬೆರಳಿನ ಮಧ್ಯೆ ಹಿಡಿದು ಸ್ವಲ್ಪ ಹೊತ್ತು ಹಾಗೇ ಇದ್ದರು. ಮುಚ್ಚಳದ ಉದ್ದಕ್ಕೂ ಕೈ ಆಡಿಸಿದರು. ಬಾಲದ ಚಕ್ರ ಮುಟ್ಟಿದರು. ‘ಎಚ್‌ಟಿ-2’ ಅಂದರು. ಯಾರೂ ಹೇಳಿಕೊಟ್ಟಿರಲಿಲ್ಲ.

ಆಮೇಲೆ ಬೆರಳು ರೆಕ್ಕೆಗೆ ಬಂತು. ಚುಕ್ಕಿಯ ಸಾಲು ಸಿಕ್ಕಿತು. ಬುಡದಿಂದ ತುದಿವರೆಗೆ ಹೋದರು, ವಾಪಸ್ ಬಂದರು. ಬಲಗೈ ರೆಕ್ಕೆಯ ಕೆಳಗೆ ಹೋಯಿತು. ಅಲ್ಲೆಲ್ಲ ತಡಕಿದರು. ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿದರು. ‘ಒಳಗೆ ತುಂಬಿಬಿಟ್ಟಿದ್ದೀಯಲ್ಲ ಪುಟ್ಟಿ, ನಾನು ಕೈ ಎಲ್ಲಿಡಲಿ?’ ಅಂದರು.

ಅಮ್ಮ ಅಳುತ್ತಿದ್ದಳು. ನಾನೂ ಅತ್ತೆ. ತಾತ ಮಾತ್ರ ಅಳಲಿಲ್ಲ. ಒಂದು ಗಂಟೆ ಮಾತಾಡಿದರು. ರೆಕ್ಕೆಯ ಒಳಗೆ ಕತ್ತಲು, ಡಾಲಿಯ ತೂಕ, ಗನ್ ಹೊಡೆದಾಗ ಮೊಣಕೈವರೆಗೆ ಬರುತ್ತಿದ್ದ ನಡುಕ, ಎಲ್ಲ ಹೇಳಿದರು. ಇಷ್ಟು ವಿವರವಾಗಿ ನಾವು ಯಾವತ್ತೂ ಕೇಳಿರಲಿಲ್ಲ. ರಾತ್ರಿ ಮಲಗುವಾಗ ವಿಮಾನ ದಿಂಬಿನ ಪಕ್ಕದ ಸ್ಟೂಲ್ ಮೇಲೆ ಇತ್ತು.

ಹಳೇ_ವಿಮಾನಪುರ · ಮಾರ್ಚ್ 9

ಒಳಗೆ ಕೆಲಸ ಮಾಡಿದವರು ಒಳಗೇ ಹುಡುಕುತ್ತಾರೆ. ನನಗೆ ಇದು ಮೊದಲೇ ಹೊಳೆಯಬೇಕಿತ್ತು.

ಉಳಿ_ಬಾಚಿ_ಸಾಗರ · ಮಾರ್ಚ್ 10

ತಂಗಿ, ಈ ವಿಮಾನದ ರೆಕ್ಕೆ ಟೊಳ್ಳು ಮಾಡಲು ಹೋಗಬೇಡ. ಇಷ್ಟು ಸಣ್ಣದರಲ್ಲಿ ಬೆರಳ ತುದಿಯೂ ಹೋಗುವುದಿಲ್ಲ. ಬೇರೆ ಒಂದು ಮಾಡು. ಇಡೀ ವಿಮಾನ ಅಲ್ಲ, ರೆಕ್ಕೆಯ ಒಂದು ತುಂಡು ಮಾತ್ರ, ನಿಜವಾದ ಅಳತೆಯಲ್ಲಿ. ರೆಕ್ಕೆಗೆ ಆಕಾರ ಕೊಡುವ ಎರಡು ಅಡ್ಡ ಪಕ್ಕೆ, ನಡುವೆ ಒಂದು ತೊಲೆ, ಮೇಲೆ ತೆಳು ಪ್ಲೈವುಡ್ ಬಗ್ಗಿಸಿ ಹೊದಿಸಬೇಕು. ಒಂದು ಪಕ್ಕ ತೆರೆದೇ ಇರಲಿ, ಅವರ ಕೈ ಒಳಗೆ ಹೋಗಲಿ. ಮರ ಶಿವನೆ ಇರಲಿ, ದೊಡ್ಡದಾದರೂ ಭಾರ ಆಗುವುದಿಲ್ಲ. ಪಕ್ಕೆಗೆ ಬೇಕಾದ ಹಲಗೆ ನಾನು ಸಾಗರದಿಂದ ಕಳಿಸುತ್ತೇನೆ.

ಮೊಮ್ಮಗಳು_ಮೈಸೂರು · ಮಾರ್ಚ್ 11

ಅಣ್ಣ, ತಾತನಿಗೆ ಓದಿ ಹೇಳಿದೆ. ತಕ್ಷಣ ಎದ್ದು ಕೂತರು. ಪಕ್ಕೆಯಿಂದ ಪಕ್ಕೆಗೆ ಎಷ್ಟು ದೂರ ಅಂತ ಗೇಣು ಹಾಕಿ ತೋರಿಸಿದರು, ಟೇಪಿನಲ್ಲಿ ಅಳೆದು ಬರೆದುಕೊಂಡಿದ್ದೇನೆ. ಹೊರಗಡೆ ಪ್ಲೈವುಡ್ ಬೇಡವಂತೆ. ತೆಳು ಅಲ್ಯೂಮಿನಿಯಂ ಹಾಳೆಯೇ ಆಗಬೇಕಂತೆ, ನಿಜವಾದ ರಿವೆಟ್ ಹಾಕಬೇಕಂತೆ, ನಾನು ಹೊರಗಿನಿಂದ ಹೊಡೆಯಬೇಕಂತೆ, ಡಾಲಿ ಅವರೇ ಹಿಡಿಯುತ್ತಾರಂತೆ. ಮರದ ಪಕ್ಕೆಗೆ ಅಲ್ಯೂಮಿನಿಯಂ ಕೂರುತ್ತದಾ? ವಿಮಾನಪುರ ಸರ್, ಹಾಳೆ ಎಷ್ಟು ದಪ್ಪ ತರಲಿ? ತಾತ ನಿಮ್ಮ ಜೊತೆ ಫೋನಿನಲ್ಲಿ ಮಾತಾಡಬೇಕು ಅನ್ನುತ್ತಿದ್ದಾರೆ. ಸಂಜೆ ಐದರ ಮೇಲೆ ಯಾವತ್ತಾದರೂ ಆಗುತ್ತದಂತೆ.